ಕೆಸರಿನಲ್ಲಿ ಗಾಲಿಯ ಹಿಡಿತ

ಗೋಕಾಕ ತಾಲೂಕಿನ ಮಮದಾಪುರವೇ ಮೊದಲಾದ ಊರುಗಳ ಎರೆಹೊಲಗಳಿಗೆ ಎರಡು ಸ್ವಭಾವಗಳುಂಟು. ಬೇಸಿಗೆಯಲ್ಲಿ ಅವು ಕೈ ಇಳಿಯುವಷ್ಟು ಬಿರಿಯುವುವು. ಮಳೆ ಬಿದ್ದಿತೆಂದರೆ ಹಿಗ್ಗಿ ಅಂಟಾಗಿ, ಮೇಲೆ ಕಾಲಿಟ್ಟವನನ್ನು ಜಾರಿಸಿ ಕೆಡಹುವುವು. ಕಬ್ಬಿನ ಹಂಗಾಮಿನಲ್ಲಿ ಅಕಾಲದ ಮಳೆ ಬಂದಾಗ, ಹೇರು ತುಂಬಿದ ಟ್ರ್ಯಾಕ್ಟರು ಹೊಲದಿಂದ ಹೊರಬೀಳಲಾರದೆ ಹೂತು ನಿಲ್ಲುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಆಗ ಚಾಲಕನು ಮೊದಲು ಮಾಡುವುದು ಎಂಜಿನಿನ ವೇಗವನ್ನು ಹೆಚ್ಚಿಸುವ ಕೆಲಸವನ್ನೇ. ಅದೇ ಮೊದಲ ತಪ್ಪು.

ಗಾಲಿಯು ನೆಲವನ್ನು ಹಿಂದಕ್ಕೆ ಒತ್ತುವುದರಿಂದಲೇ ಗಾಡಿಯು ಮುಂದಕ್ಕೆ ಸಾಗುವುದು. ಒತ್ತಲು ಗಟ್ಟಿಯಾದ ಆಧಾರವಿಲ್ಲದಿದ್ದರೆ ಎಂಜಿನಿನ ಬಲವೆಲ್ಲ ವ್ಯರ್ಥ. ಎರೆಮಣ್ಣಿನ ಕಣಗಳು ಅತಿ ಸೂಕ್ಷ್ಮವಾದ ಹಾಳೆಗಳಂತಿದ್ದು, ನಡುವೆ ನೀರು ಸೇರಿದೊಡನೆ ಒಂದರ ಮೇಲೊಂದು ಜಾರುವುವು. ಹಿಮದ ನಾಡುಗಳಲ್ಲಿಯೂ ಇಂತಹದೇ ಕಷ್ಟ. ಅಲ್ಲಿ ಮಂಜುಗಡ್ಡೆಯ ಮೇಲಿನ ತೆಳುವಾದ ನೀರಿನ ಪದರವು ಗಾಲಿಯನ್ನು ಜಾರಿಸುವುದು. ಆದುದರಿಂದಲೇ ಹಿಮಾಲಯದ ದಾರಿಗಳಲ್ಲಿ ಲಾರಿಗಳ ಗಾಲಿಗಳಿಗೆ ಕಬ್ಬಿಣದ ಸರಪಳಿಯನ್ನು ಸುತ್ತುವರು. ಅದು ಪದರವನ್ನು ಸೀಳಿ ಗಡ್ಡೆಯನ್ನು ಕಚ್ಚುವುದು.

ಹೊಲದಲ್ಲಿ ಈ ಕಚ್ಚುವ ಕೆಲಸವನ್ನು ಟಾಯರಿನ ಏಣುಗಳು ಮಾಡುವುವು. ಹಿಂದೆ ಟ್ರ್ಯಾಕ್ಟರುಗಳಿಗೆ ಮುಳ್ಳಿನ ಕಬ್ಬಿಣದ ಗಾಲಿಗಳಿದ್ದುವು. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಸಂಸ್ಥೆಯು ಗಾಳಿ ತುಂಬಿದ ರಬ್ಬರಿನ ಟಾಯರುಗಳನ್ನು ತೊಡಿಸಿತು. ಈ ಟಾಯರಿನ ಓರೆ ಏಣುಗಳ ನಡುತುದಿಯು ಮೊದಲು ನೆಲವನ್ನು ಮುಟ್ಟಿದರೆ ಕೆಸರು ಎರಡೂ ಬದಿಗೆ ಹೊರದೂಡಲ್ಪಡುವುದು. ತಿರುವುಮುರುವಾಗಿ ತೊಡಿಸಿದರೆ ಕೆಸರು ಒಳಗೇ ತುಂಬಿ, ಗಾಲಿಯು ನುಣ್ಣನೆಯ ಉರುಳೆಯಾಗುವುದು. ಏಣು ಸವೆದ ಟಾಯರೂ ಹಾಗೆಯೇ. ನಡುಗಾಲದ ನೆಲದಲ್ಲಿ ಗಾಲಿ ಶೇಕಡಾ 10ರಿಂದ 15ರಷ್ಟು ಜಾರುವುದು ಸಹಜವೇ. ಅದಕ್ಕೂ ಮೀರಿ ಜಾರಿದರೆ ಎಣ್ಣೆಯೂ ರಬ್ಬರೂ ನಷ್ಟ, ಕುಣಿ ಮಾತ್ರ ಲಾಭ.

ಹೂತಾಗ ಮಾಡಬೇಕಾದುದೇನು? ಮೊದಲು ಎಂಜಿನಿನ ವೇಗವನ್ನು ತಗ್ಗಿಸಬೇಕು. ಒಂದು ಗಾಲಿ ಮಾತ್ರ ಬರಿದೆ ತಿರುಗುತ್ತಿದ್ದರೆ ಅದನ್ನು ನಿಲ್ಲಿಸಿ, ಡಿಫರೆನ್ಶಿಯಲ್ ಲಾಕನ್ನು ಒತ್ತಿ, ಎರಡು ಗಾಲಿಗಳನ್ನೂ ಒಟ್ಟಿಗೆ ತಿರುಗಿಸಿ ನೆಟ್ಟಗೆ ನಡೆಯಿಸಬೇಕು. ಲಾಕು ಇರುವಾಗ ಹೊರಳಿಸಬಾರದು. ಆದರೂ ಬಾರದಿದ್ದರೆ ಟ್ರೇಲರನ್ನು ಬಿಚ್ಚಿ, ಗಾಲಿಯ ಸುತ್ತಲಿನ ಕೆಸರನ್ನು ಸಲಿಕೆಯಿಂದ ತೆಗೆದು, ಕಬ್ಬಿನ ರವದಿಯನ್ನೋ ಹರಳುಕಲ್ಲನ್ನೋ ಹಾಸಿ, ಸಾಧ್ಯವಿದ್ದಷ್ಟು ಹಿಂದಕ್ಕೇ ತೆಗೆಯುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆಯನ್ನು ನಾವು ಒತ್ತಿ ಹೇಳಬೇಕಾಗಿದೆ. ಕೆಲವರು ಹೂತ ಹಿಂಗಾಲಿಗಳಿಗೆ ಮರದ ದಿಮ್ಮಿಯನ್ನು ಅಡ್ಡವಾಗಿ ಕಟ್ಟಿ ಮುಂದಕ್ಕೆ ನುಗ್ಗಿಸುವರು. ಗಾಲಿ ತಿರುಗಲಾರದಾಗ ಎಂಜಿನಿನ ಬಲವು ಟ್ರ್ಯಾಕ್ಟರಿನ ಒಡಲನ್ನೇ ಅಚ್ಚಿನ ಸುತ್ತ ಎತ್ತುವುದು. ಮುಂಗಾಲಿಗಳು ಮೇಲೇಳುವುವು, ಚಾಲಕನು ಕ್ಲಚ್ಚಿನ ಮೇಲೆ ಕಾಲಿಡುವುದರೊಳಗೆ ಯಂತ್ರವು ಹಿಂದಕ್ಕೆ ಮಗುಚಿ ಅವನ ಮೇಲೆ ಬೀಳುವುದು. ಎಳೆಯುವ ಸರಪಳಿಯನ್ನು ಹಿಂದಿನ ಕೊಂಡಿಗಲ್ಲದೆ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದರೂ ಇದೇ ಗತಿ. ಇಂತಹ ಹೊತ್ತಿನಲ್ಲಿ ಮಡಗಾರ್ಡಿನ ಮೇಲೆ ಹುಡುಗರನ್ನು ಕೂಡ್ರಿಸಿಕೊಂಡಿದ್ದರೆ ಮನೆಯ ದೀಪವೇ ಆರಿದಂತೆ.

ಆತುರಗಾರನಿಗೆ ಬುದ್ಧಿ ಮಟ್ಟವೆಂದು ಹಿರಿಯರು ಹೇಳುವರು. ಕಾರಖಾನೆಗೆ ಹೇರು ಒಂದು ದಿನ ತಡವಾಗಿ ಮುಟ್ಟಿದರೆ ತೂಕದಲ್ಲಿ ಅಷ್ಟಿಷ್ಟು ಕಡಿಮೆಯಾದೀತು. ಮನೆಯ ಯಜಮಾನನಾದವನು ಆ ನಷ್ಟವನ್ನು ಹೇಗಾದರೂ ತುಂಬಿಕೊಳ್ಳಬಲ್ಲನು. ಹೊಲದಿಂದ ಮರಳಿ ಬಾರದ ಮಗನನ್ನು ಯಾವ ಹಂಗಾಮೂ ತಂದುಕೊಡಲಾರದು. ನೆಲ ಆರುವ ತನಕ ಕಾಯುವುದೂ ಒಕ್ಕಲುತನದ ಒಂದು ಕೆಲಸವೇ ಎಂದು ನಮ್ಮ ಮನೆಗಳಲ್ಲಿ ಹೇಳಿಕೊಡುವಂತಾಗಲಿ.