ಕಹಿಗೆ ಹೆಸರಿಟ್ಟ ಮನೆ

ಕೋಲ್ಕತ್ತದ ಸಿಯಾಲ್ದಾ ನಿಲ್ದಾಣದ ಪಕ್ಕದ ಕೋಲೆ ಮಾರುಕಟ್ಟೆಯಲ್ಲಿ ಬೆಳಗಿನ ಆರು ಗಂಟೆಗೆ ನಿಲ್ಲಲು ಜಾಗ ಸಿಗುವುದಿಲ್ಲ. ತರಕಾರಿ ಮೂಟೆ ಹೊತ್ತವರು ಓಡೋಡಿ ಬರುತ್ತಾರೆ, ನಾವೇ ಪಕ್ಕಕ್ಕೆ ಸರಿಯಬೇಕು. ದುರ್ಗಾಪೂಜೆ ಮುಗಿದು ವಾರವಾಗಿತ್ತು. ನನಗೆ ಬೇಕಿದ್ದುದು ಒಂದೇ ಸೊಪ್ಪು. ನಾಲ್ಕೈದು ಕಡೆ ಕೇಳಿದ ಮೇಲೆ, ಗೋಣಿ ಹಾಸಿ ಕುಳಿತಿದ್ದ ಒಬ್ಬ ಅಜ್ಜಿಯ ಬಳಿ ಸಿಕ್ಕಿತು: ಸುಶ್ನಿ. ದಾರದಂಥ ದಂಟು, ತುದಿಯಲ್ಲಿ ಜೋಡಿಸಿಟ್ಟ ಹಾಗೆ ನಾಲ್ಕು ಎಲೆ. ಜರೀಗಿಡದ ಕುಲ, ಹೂ ಬಿಡುವುದಿಲ್ಲ. ನಮ್ಮ ಗದ್ದೆಯಂಚಿನ ನೀರಿನಲ್ಲೂ ಇದರ ಬಳಗ ಇದೆ. ನಾವು ಕಳೆಯೆಂದು ಕಿತ್ತು ಬದುವಿಗೆ ಎಸೆಯುತ್ತೇವೆ. “ರಾತ್ರಿ ಊಟಕ್ಕೆ ಮಾಡಿಕೋ ಮಾ, ಒಳ್ಳೆ ನಿದ್ದೆ ಬರುತ್ತೆ” ಎಂದರು ಅಜ್ಜಿ.

ಬಂಗಾಳದ ಮನೆಮನೆಯಲ್ಲಿ ಹೇಳುವ ಈ ಮಾತನ್ನು ಒಬ್ಬ ರಸಾಯನ ವಿಜ್ಞಾನಿ ಪ್ರಶ್ನೆಯಾಗಿ ಎತ್ತಿಕೊಂಡರು. ನಿದ್ದೆ ಬರುವುದು ನಿಜವಾದರೆ, ಸೊಪ್ಪಿನೊಳಗಿನ ಯಾವ ವಸ್ತುವಿನಿಂದ? ಅಸೀಮಾ ಚಟರ್ಜಿ ಸುಶ್ನಿಯಿಂದ ಮಾರ್ಸಿಲಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಮುಂದೆ ಇದೇ ಸೊಪ್ಪು, ಜೊತೆಗೆ ಹಿಮಾಲಯದ ಜಟಾಮಾಂಸಿ ಸೇರಿ, ಮೂರ್ಛೆರೋಗಕ್ಕೆಂದು ‘ಆಯುಷ್-56’ ಎಂಬ ಔಷಧ ರೂಪುಗೊಂಡಿತು. ಅಜ್ಜಿ ಕೊಟ್ಟ ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು, ಅಸೀಮಾ ಕೆಲಸ ಮಾಡಿದ ಕಟ್ಟಡ ನೋಡಲು ಉತ್ತರಕ್ಕೆ ನಡೆದೆ.

ಆಚಾರ್ಯ ಪ್ರಫುಲ್ಲಚಂದ್ರ ರಸ್ತೆ ಎಂದರೆ ಹಳೆಯ ಅಪ್ಪರ್ ಸರ್ಕ್ಯುಲರ್ ರೋಡ್. ರಾಜಾಬಜಾರದ ಟ್ರಾಮ್ ಡಿಪೊ, ಚರ್ಮದ ಚಪ್ಪಲಿ ಅಂಗಡಿಗಳು, ಬಿರಿಯಾನಿ ಹಂಡೆಗಳನ್ನು ದಾಟಿದರೆ 92ನೇ ನಂಬರು. ಕಲ್ಕತ್ತಾ ವಿಶ್ವವಿದ್ಯಾಲಯದ ಸೈನ್ಸ್ ಕಾಲೇಜು. ಆಶುತೋಷ್ ಮುಖರ್ಜಿ ಇದರ ಅಡಿಗಲ್ಲು ಹಾಕಿದ್ದು 1914ರಲ್ಲಿ. ತಾರಕನಾಥ ಪಾಲಿತ್ ಮತ್ತು ರಾಸಬಿಹಾರಿ ಘೋಷ್ ಎಂಬ ಇಬ್ಬರು ವಕೀಲರು ಕೊಟ್ಟ ದಾನದ ಬಲದಿಂದ. ಬೆಂಗಳೂರಿಗೆ ಬರುವ ಮುನ್ನ ಸಿ.ವಿ. ರಾಮನ್ ಪಾಲಿತ್ ಪ್ರಾಧ್ಯಾಪಕರಾಗಿದ್ದುದು ಇಲ್ಲೇ. ಪಕ್ಕದ ಗೋಡೆಯಾಚೆ ಜಗದೀಶಚಂದ್ರ ಬೋಸರ ಸಂಸ್ಥೆ. ಅದು ತೆರೆದದ್ದು 1917ರ ನವೆಂಬರ್‌ನಲ್ಲಿ. ಅದಕ್ಕೆ ಎರಡು ತಿಂಗಳು ಮೊದಲು, ಸೆಪ್ಟೆಂಬರ್ 23ರಂದು, ಇದೇ ನಗರದಲ್ಲಿ ಅಸೀಮಾ ಹುಟ್ಟಿದ್ದರು.

ಎತ್ತರದ ಚಾವಣಿಯ ಮೊಗಸಾಲೆ. ಒಳಗೆ ಕಾಲಿಟ್ಟ ಕೂಡಲೇ ರಸಾಯನಶಾಸ್ತ್ರದ ಕಟ್ಟಡಗಳಿಗೇ ಮೀಸಲಾದ ವಾಸನೆ: ಸ್ಪಿರಿಟ್, ಈಥರ್, ಒದ್ದೆ ಗೋಡೆ. ಮೊದಲೇ ಮಾತಾಡಿಕೊಂಡಿದ್ದ ಸಂಶೋಧಕಿಯೊಬ್ಬರು ಕರೆದುಕೊಂಡು ಹೋದರು. ಅವರು ಮೊದಲು ಹೇಳಿದ್ದು, ಹೊರಗಿನ ರಸ್ತೆಗೆ ಯಾರ ಹೆಸರಿದೆಯೋ ಆ ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ವಾಸವಿದ್ದ ಕೋಣೆಯ ಕತೆ. ಮದುವೆಯಾಗದ ಆ ಹಿರಿಯರು ಕಾಲೇಜನ್ನೇ ಮನೆ ಮಾಡಿಕೊಂಡು, 1944ರಲ್ಲಿ ಇಲ್ಲೇ ಕೊನೆಯುಸಿರೆಳೆದರು. ಅಸೀಮಾ 1936ರಲ್ಲಿ ಸ್ಕಾಟಿಷ್ ಚರ್ಚ್ ಕಾಲೇಜಿನಿಂದ ಪದವಿ ಪಡೆದು, 1938ರಲ್ಲಿ ಎಂ.ಎಸ್ಸಿ. ಮುಗಿಸಿದಾಗ ರಾಯ್ ಇನ್ನೂ ಈ ಕಟ್ಟಡದಲ್ಲಿದ್ದರು. ಹೆಣ್ಣುಮಕ್ಕಳು ರಸಾಯನಶಾಸ್ತ್ರ ಓದುವುದೇ ಅಪರೂಪವಾಗಿದ್ದ ಕಾಲ ಅದು. 1944ರಲ್ಲಿ ಅವರಿಗೆ ಡಿ.ಎಸ್ಸಿ. ಬಂತು. ಭಾರತದ ವಿಶ್ವವಿದ್ಯಾಲಯವೊಂದರಿಂದ ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಎಂದು ಅವರನ್ನು ನೆನೆಯುತ್ತಾರೆ.

ಮೇಜಿನ ಮೇಲೆ ಒಂದು ಗಾಜಿನ ನಳಿಗೆ ನೆಟ್ಟಗೆ ನಿಂತಿತ್ತು. ಒಳಗೆ ಬಿಳಿಯ ಪುಡಿ, ಅದರ ನಡುವೆ ಇಳಿಯುತ್ತಿರುವ ಹಸಿರು ಪಟ್ಟಿ, ಅದರ ಕೆಳಗೆ ಮಸುಕು ಹಳದಿ. ನಾನು ಅಲ್ಲೇ ನಿಂತುಬಿಟ್ಟೆ. ಗಿಡವೊಂದು ಬಿಡಿಬಿಡಿಯಾಗುವುದನ್ನು ಕಣ್ಣಾರೆ ನೋಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಸಂಶೋಧಕಿ ಬಿಡಿಸಿ ಹೇಳಿದರು. ನೆರಳಲ್ಲಿ ಒಣಗಿಸಿ ಪುಡಿ ಮಾಡಿದ ತೊಗಟೆಯನ್ನು ಆಲ್ಕೋಹಾಲಿನಲ್ಲಿ ನೆನೆಸಿ, ದ್ರವವನ್ನು ಇಂಗಿಸಿದರೆ ಉಳಿಯುವುದು ಕಪ್ಪು ಬೆಲ್ಲದ ಪಾಕದಂಥ ಅಂಟು. ಅದರಲ್ಲಿ ಮೇಣ, ಹರಿತ್ತು, ಸಕ್ಕರೆ, ರಾಳ ಎಲ್ಲ ಕಲಸಿಹೋಗಿರುತ್ತವೆ. ತೆಳು ಆಮ್ಲ ಹಾಕಿ ಕಲಕಿದರೆ ಆಲ್ಕಲಾಯ್ಡುಗಳು ಲವಣವಾಗಿ ನೀರಿಗೆ ಇಳಿಯುತ್ತವೆ, ಜಿಡ್ಡು ಹಿಂದುಳಿಯುತ್ತದೆ. ಆ ನೀರಿಗೆ ಅಮೋನಿಯಾ ಸೇರಿಸಿದರೆ ಅವು ಮತ್ತೆ ಲವಣದಿಂದ ಬಿಡಿಸಿಕೊಳ್ಳುತ್ತವೆ. ಆಗ ಕ್ಲೋರೋಫಾರಂ ಅವನ್ನು ಹೀರಿಕೊಳ್ಳುತ್ತದೆ. ಆಮೇಲೆ ಈ ನಳಿಗೆಯ ಸರದಿ. ಕಿಲೋಗಟ್ಟಲೆ ತೊಗಟೆ ಸುರಿದರೂ ಕೊನೆಗೆ ಕೈಗೆ ಬರುವ ಹರಳು ಕೆಲವೊಮ್ಮೆ ಉಗುರಿನ ಮೇಲೆ ನಿಲ್ಲುವಷ್ಟು.

ಹರಳು ಸಿಕ್ಕರೆ ಅರ್ಧ ಕೆಲಸ. ಅದರೊಳಗೆ ಯಾವ ಪರಮಾಣು ಯಾವುದರ ಕೈ ಹಿಡಿದಿದೆ ಎಂದು ತಿಳಿಯಬೇಕು. ಇಂದು ಯಂತ್ರಗಳು ಆ ಕೆಲಸ ಮಾಡುತ್ತವೆ. ಅಸೀಮಾ ಶುರು ಮಾಡಿದ ಕಾಲದಲ್ಲಿ ಅಣುವನ್ನು ಮುರಿದು, ಚೂರುಗಳನ್ನು ಗುರುತಿಸಿ, ಇಡೀ ರೂಪವನ್ನು ಊಹಿಸಬೇಕಿತ್ತು. ವಿಶ್ಲೇಷಣೆಗೆ ಸೌಕರ್ಯ ಸಾಲದೆ ಮಾದರಿಗಳನ್ನು ಹಣ ಕೊಟ್ಟು ವಿದೇಶಕ್ಕೆ ಕಳಿಸಿ, ಉತ್ತರಕ್ಕಾಗಿ ಕಾಯುತ್ತಿದ್ದರು. ಆ ಕಾಯುವಿಕೆಯನ್ನು ನೆನೆದರೆ ನನಗೆ ಅವರ ಪದಕಗಳಿಗಿಂತ ಅದೇ ದೊಡ್ಡದಾಗಿ ಕಾಣುತ್ತದೆ.

1947ರಲ್ಲಿ ಹನ್ನೊಂದು ತಿಂಗಳ ಮಗಳನ್ನು ಕಟ್ಟಿಕೊಂಡು ಅಮೆರಿಕಕ್ಕೆ ಹೋದರು. ವಿಸ್ಕಾನ್ಸಿನ್, ಆಮೇಲೆ ಕ್ಯಾಲ್ಟೆಕ್, ಅಲ್ಲಿಂದ ಜ್ಯೂರಿಕ್‌ನಲ್ಲಿದ್ದ ನೊಬೆಲ್ ಪುರಸ್ಕೃತ ಪಾಲ್ ಕಾರರ್ ಬಳಿ. 1950ರಲ್ಲಿ ಹಿಂದಿರುಗಿ, 1954ರಲ್ಲಿ ಇದೇ ಸೈನ್ಸ್ ಕಾಲೇಜಿಗೆ ರೀಡರ್ ಆಗಿ ಬಂದರು. 1962ರಿಂದ 1982ರವರೆಗೆ ಖೈರಾ ಪ್ರಾಧ್ಯಾಪಕಿ. ಅವರಿಗೆ 1961ರ ಭಟ್ನಾಗರ್ ಪ್ರಶಸ್ತಿ ಬಂತು; ಆ ಪ್ರಶಸ್ತಿ ಮಹಿಳೆಯೊಬ್ಬರಿಗೆ ಸಿಕ್ಕಿದ್ದು ಅದೇ ಮೊದಲು.

ಆದರೆ ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಅವರು ಕೈಗೆತ್ತಿಕೊಂಡ ಗಿಡಗಳ ಪಟ್ಟಿ. ಅದನ್ನು ಓದಿದರೆ ನಮ್ಮ ಹಿತ್ತಲಲ್ಲೇ ಓಡಾಡಿದ ಹಾಗಾಗುತ್ತದೆ. ಸರ್ಪಗಂಧಿಯ ಕುಲದ ಗಿಡವೊಂದರಿಂದ, ಅವರು ಇನ್ನೂ ಅಸೀಮಾ ಮುಖರ್ಜಿಯಾಗಿದ್ದಾಗಲೇ, ರೌವುಲ್ಸಿನ್ ಎಂಬ ಆಲ್ಕಲಾಯ್ಡು ತೆಗೆದರು. ಇಂದಿಗೂ ಔಷಧಶಾಸ್ತ್ರದ ಪ್ರಯೋಗಗಳಲ್ಲಿ ಅದು ಬಳಕೆಯಲ್ಲಿದೆ. ಅಂಗಳದ ಕಾಶಿಕಣಗಿಲೆಯ ಬಳಗದ ಆಲ್ಕಲಾಯ್ಡುಗಳ ಮೇಲೂ ಕೆಲಸ ಮಾಡಿದರು. ಬಿಲ್ವವಂತೂ ಅವರನ್ನು ವರ್ಷಗಟ್ಟಲೆ ಹಿಡಿದಿಟ್ಟಿತು. ಅದರ ಸಸ್ಯಶಾಸ್ತ್ರೀಯ ಹೆಸರು ಈಗ್ಲಿ ಮಾರ್ಮೆಲೋಸ್. ಆ ಮರದಿಂದ ಪಡೆದ ಒಂದು ವಸ್ತುವಿಗೆ ಈಗೆಲಿನ್, ಇನ್ನೊಂದಕ್ಕೆ ಮಾರ್ಮಿನ್ ಎಂದು ಹೆಸರಾಯಿತು. ಮರದ ಹೆಸರನ್ನು ಎರಡಾಗಿ ಹಂಚಿ ಎರಡು ಅಣುಗಳಿಗೆ ಕೊಟ್ಟ ಹಾಗೆ.

ಕೊನೆಗೆ ಹಾಲೆ ಮರ. ಬಂಗಾಳದವರು ಛಾತಿಮ್ ಅನ್ನುತ್ತಾರೆ, ತುಳುನಾಡಿನಲ್ಲಿ ಅದು ಪಾಲೆ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಅದರ ತೊಗಟೆ ತಂದು, ಅರೆದು ರಸ ಹಿಂಡಿ, ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ನನ್ನ ಅಜ್ಜಿ ಕಷಾಯ ಕೊಡುತ್ತಿದ್ದರು. ಮೂಗು ಹಿಡಿದು ಕುಡಿಯಬೇಕು. ಬೆಲ್ಲದ ಚೂರು ಬಾಯಿಗಿಟ್ಟರೂ ಕಹಿ ಹೋಗುತ್ತಿರಲಿಲ್ಲ. ಆಮೇಲೆ ಮೆಂತೆ ಗಂಜಿ. ಈ ಮರದ ಎಲೆಯಿಂದ ಪಡೆದ ಪಿಕ್ರಿನಿನ್ ಎಂಬ ಆಲ್ಕಲಾಯ್ಡಿನ ಬಗ್ಗೆ 1965ರಲ್ಲಿ ಪ್ರಕಟಿಸಿದ್ದು ಅಸೀಮಾ ಮತ್ತು ಅವರ ಸಹೋದ್ಯೋಗಿಗಳು. ಗ್ರೀಕ್ ಭಾಷೆಯಲ್ಲಿ ‘ಪಿಕ್ರೋಸ್’ ಅಂದರೆ ಕಹಿ. ಮಲೇರಿಯಾ ವಿರುದ್ಧ ಅವರು ಅರಸಿದ ಔಷಧಗಳಲ್ಲೂ ಹಾಲೆ ಇತ್ತು. ಜೊತೆಗೆ ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗ.

ಇಲ್ಲೊಂದು ಮಾತು ಹೇಳಲೇಬೇಕು. ಹಾಲೆಯೆಂದು ನಂಬಿ ಬೇರೆ ಮರದ ತೊಗಟೆ ತಂದು ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಕರಾವಳಿಯ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಕತ್ತಲಲ್ಲಿ ಕಾಸರಕವೂ ಹಾಲೆಯೂ ಒಂದೇ ಥರ. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಅದಕ್ಕೇ ಪ್ರಯೋಗಶಾಲೆಯ ಮೊದಲ ಹೆಜ್ಜೆ ಬಾಟಲಿಯಲ್ಲ, ಸಸ್ಯಶಾಸ್ತ್ರಜ್ಞ ಗುರುತಿಸಿ ಕಾಗದಕ್ಕೆ ಅಂಟಿಸಿದ ಒಣ ಟೊಂಗೆ. ಅಸೀಮಾ ಮನೆಮದ್ದನ್ನು ಪೂಜಿಸಲೂ ಇಲ್ಲ, ಮೂಢನಂಬಿಕೆಯೆಂದು ತಳ್ಳಲೂ ಇಲ್ಲ. ಎಸ್.ಸಿ. ಪಾಕ್ರಾಶಿಯವರೊಂದಿಗೆ ಭಾರತದ ಔಷಧ ಸಸ್ಯಗಳ ಮೇಲೆ ಆರು ಸಂಪುಟಗಳನ್ನು ಸಂಪಾದಿಸಿದರು. ಸಾಲ್ಟ್ ಲೇಕ್‌ನಲ್ಲಿ ಆಯುರ್ವೇದ ಔಷಧ ಸಂಶೋಧನೆಗೆ ಒಂದು ಸಂಸ್ಥೆ ಕಟ್ಟಲು ದುಡಿದರು. 2006ರ ನವೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ 89 ವರ್ಷ.

ಹೊರಗೆ ಬಂದಾಗ ಸಂಜೆಯಾಗಿತ್ತು. ರಸ್ತೆಯಂಚಿನ ಛಾತಿಮ್ ಹೂಬಿಟ್ಟು, ಬಸ್ಸುಗಳ ಹೊಗೆಯನ್ನೂ ಮೀರಿ ಘಮಘಮಿಸುತ್ತಿತ್ತು. ಕೈಗೆಟುಕಿದ ಎಲೆಯೊಂದನ್ನು ಮುರಿದೆ, ಹಾಲು ಬೆರಳಿಗೆ ಅಂಟಿತು. ಸಂಶೋಧಕಿಗೆ ಆಟಿಯ ಕತೆ ಹೇಳಿದೆ: ತೊಗಟೆಗೆ ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಅವರು ಅಲ್ಲೇ ಪುಸ್ತಕ ತೆರೆದು ಬಂಗಾಳಿ ಲಿಪಿಯಲ್ಲಿ ‘ಆಟಿ’ ಎಂದು ಬರೆದುಕೊಂಡರು.

“ಕಾಂಡದ ತೊಗಟೆಯೋ, ಕೊಂಬೆಯದೋ? ಎಳೆ ಮರವೋ, ಹಳೆಯದೋ? ಕಲ್ಲೇ ಯಾಕೆ?”

ಅಜ್ಜಿಯನ್ನು ಕೇಳುವ ಕಾಲ ಮೀರಿಹೋಗಿದೆ. ಊರಿಗೆ ಹೋದ ಮೇಲೆ ಚಿಕ್ಕಮ್ಮನನ್ನು ಕೇಳಿ ಬರೆಯುತ್ತೇನೆ ಎಂದೆ. ಅವರು ವಿಳಾಸ ಬರೆದು ಕೊಟ್ಟರು.