ಮಕ್ಕಳ ವಿಹಾರವೂ ಮನೆಯ ಮಿತವ್ಯಯವೂ

ಬೇಸಿಗೆಯ ರಜೆ ಬಂದಿತೆಂದರೆ ಮಕ್ಕಳದು ಒಂದೇ ಹಟ: ‘ನಮ್ಮನ್ನು ವಂಡರ್‌ಲಾಗೆ ಕರೆದುಕೊಂಡು ಹೋಗಿ.’ ನಮ್ಮ ಬಾಲ್ಯದಲ್ಲಿ ಊರ ಜಾತ್ರೆಯ ತಿರುಗುವ ತೊಟ್ಟಿಲೇ ದೊಡ್ಡ ವಿನೋದವಾಗಿತ್ತು. ಕಾಲ ಬದಲಾಗಿದೆ; ಮಕ್ಕಳ ಆಸೆಯನ್ನು ತಪ್ಪೆನ್ನಲಾಗದು. ಆದರೆ ಕಾಯಕದಿಂದ ಬಂದ ಹಣವನ್ನು ವಿವೇಚನೆಯಿಂದ ವಿನಿಯೋಗಿಸುವುದು ಗೃಹಸ್ಥರ ಹೊಣೆಯಷ್ಟೆ.

ನನಗೆ ಪರಿಚಿತರಾದ ದಂಪತಿಗಳು ಕಿರಾಣಿ ಅಂಗಡಿಯ ದುಡಿಮೆಯಿಂದ ಬಾಳುವವರು. ಶಾಲೆಯ ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣವನ್ನು ಮುರಿದು, ಭಾನುವಾರವೊಂದರಂದು ಇಂತಹ ಉದ್ಯಾನಕ್ಕೆ ಮಕ್ಕಳೊಡನೆ ಹೋಗಿದ್ದರು. ನಾಲ್ಕು ವರ್ಷದ ಮಗಳನ್ನು ಎತ್ತರ ಸಾಲದೆಂದು ಹೆಚ್ಚಿನ ಆಟಗಳ ಬಾಗಿಲಲ್ಲಿಯೇ ತಡೆದರು. ಅವಳ ಅಳು ನಿಲ್ಲಿಸಲು ಗೊಂಬೆ, ತಿಂಡಿ, ಫೋಟೊ ಎಂದು ಖರ್ಚು ಬೆಳೆಯಿತು. ಜೂನ್ ತಿಂಗಳಲ್ಲಿ ಶುಲ್ಕಕ್ಕಾಗಿ ಕೈಗಡ ಮಾಡಬೇಕಾಯಿತು. ‘ಶಾಸ್ತ್ರಿಗಳೇ, ಮಗಳು ಇಂದಿಗೂ ನೆನೆಯುವುದು ಮಕ್ಕಳ ಕೊಳದಲ್ಲಿ ನೀರೆರಚಿ ಆಡಿದ್ದನ್ನು ಮಾತ್ರ’ ಎಂದು ಆ ತಾಯಿ ನುಡಿದಾಗ, ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಲೇಸೆಂದು ತೋರಿತು.

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಿಡದಿಯ ಸಮೀಪ 2005ರಲ್ಲಿ ಆರಂಭವಾದ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ನಿರ್ಣಯವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. 85 ಸೆಂಟಿಮೀಟರಿಗಿಂತ ಕುಳ್ಳಾದ ಮಕ್ಕಳಿಗೆ ಪ್ರವೇಶ ಉಚಿತ. 140 ಸೆಂಟಿಮೀಟರಿನವರೆಗೆ ಮಕ್ಕಳ ದರ. ಆಟಗಳಿಗೂ ಎತ್ತರದ ಕಟ್ಟಳೆಯುಂಟು. ಆದುದರಿಂದ ಹೊರಡುವ ಮುನ್ನವೇ ಮನೆಯ ಗೋಡೆಗೆ ನಿಲ್ಲಿಸಿ ಮಗುವನ್ನು ಅಳೆಯಿರಿ. ಎತ್ತರ ಸಾಲದಿದ್ದರೆ ಒಂದೆರಡು ವರ್ಷ ಕಾಯುವುದೇ ಜಾಣತನ. ಹಿರಿಯ ನಾಗರಿಕರಿಗೆ ರಿಯಾಯಿತಿ ಇರುವುದರಿಂದ ಅಜ್ಜ ಅಜ್ಜಿಯರು ಆಧಾರ್ ಚೀಟಿಯನ್ನು ಮರೆಯಬಾರದು.

ಶನಿವಾರ, ಭಾನುವಾರ ಹಾಗೂ ಹಬ್ಬದ ರಜೆಗಳಲ್ಲಿ ದರವೂ ಹೆಚ್ಚು, ಸರದಿಯೂ ದೀರ್ಘ. ವಾರದ ನಡುವಿನ ದಿನವನ್ನಾರಿಸಿ, ಆ ದಿನದ ದರವನ್ನು ಮೊದಲೇ ವಿಚಾರಿಸಿ, ಮುಂಗಡ ಟಿಕೆಟ್ ಪಡೆಯುವುದು ಉತ್ತಮ. ಬೆಂಗಳೂರಿನವರು ಕೆಂಗೇರಿಯವರೆಗೆ ಮೆಟ್ರೊ, ಅಲ್ಲಿಂದ ಬಿಡದಿ ಕಡೆಯ ಬಸ್ಸು ಹಿಡಿದರೆ ಬಾಡಿಗೆ ಕಾರಿನ ವೆಚ್ಚ ಉಳಿಯುತ್ತದೆ.

ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲ. ಮನೆಯಿಂದ ಕಟ್ಟಿಕೊಂಡ ಬುತ್ತಿಯನ್ನು ಪ್ರವೇಶಕ್ಕೆ ಮುನ್ನವೇ ಹೊಟ್ಟೆ ತುಂಬ ಉಣಿಸಿದರೆ, ಒಳಗೆ ಒಂದು ಹೊತ್ತಿನ ಊಟ ಸಾಕಾಗುತ್ತದೆ. ಮಾಂಸಾಹಾರವೂ ಅಲ್ಲಿ ದೊರೆಯುವುದರಿಂದ ಸಸ್ಯಾಹಾರದ ಸ್ಥಳವನ್ನು ಕೇಳಿ ತಿಳಿಯಿರಿ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆ ನಡೆಯದು. ನೈಲಾನ್ ಉಡುಪು ಬೇಕು. ಅದನ್ನು ಊರಿನಲ್ಲಿಯೇ ಕೊಂಡರೆ ಅಗ್ಗ. ಟವೆಲು, ಒಣಬಟ್ಟೆ, ಬೇಕಾದ ಔಷಧಿ ಜೊತೆಗಿರಲಿ. ತಂದೆತಾಯಿಗಳ ಫೋನ್ ಸಂಖ್ಯೆಯನ್ನು ಬರೆದು ಮಗುವಿನ ಜೇಬಿನಲ್ಲಿರಿಸಿ.

ಲಿಂಗಧಾರಿಗಳಿಗೆ ಒಂದು ವಿಶೇಷ ಸೂಚನೆ. ರಭಸದ ಆಟಗಳಲ್ಲಿ ಕೊರಳಿನ ವಸ್ತುಗಳನ್ನು ತೆಗೆಯಿರೆಂದು ಸಿಬ್ಬಂದಿ ಹೇಳುವರು. ಅದು ಸುರಕ್ಷತೆಯ ನಿಯಮ. ಇಷ್ಟಲಿಂಗವನ್ನು ಲಾಕರಿನಲ್ಲಿಟ್ಟು ಹೋಗುವುದು ನಮ್ಮ ಆಚಾರಕ್ಕೆ ಸಲ್ಲದು. ವಾದಕ್ಕಿಳಿಯದೆ ಆ ಆಟವನ್ನೇ ಬಿಟ್ಟು, ಕೊಳದ ಬದಿಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಲೇಸು.

ಉತ್ತರ ಕರ್ನಾಟಕದವರಿಗೆ ಬಿಡದಿಯ ಪ್ರಯಾಣವೇ ದುಬಾರಿ. ಚಿಕ್ಕ ಮಕ್ಕಳಿದ್ದವರು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೋ, ಕೊಲ್ಹಾಪುರದ ಬಳಿಯ ಕಣೇರಿಯ ಸಿದ್ಧಗಿರಿ ಮಠದ ವಸ್ತುಸಂಗ್ರಹಾಲಯಕ್ಕೋ ಹೋಗಬಹುದು. ಎರಡರಲ್ಲಿಯೂ ಹಳ್ಳಿಯ ಬದುಕು, ಕಸುಬುಗಳು ಆಳೆತ್ತರದ ಮೂರ್ತಿಗಳಲ್ಲಿ ಮೈದಳೆದಿವೆ. ನೇಗಿಲನ್ನು ಕಾಣದ ನಗರದ ಮಕ್ಕಳಿಗೆ ಅದೂ ಕೌತುಕವೇ.

ಕೊನೆಯದಾಗಿ, ಖರ್ಚಿನ ಮೊತ್ತವನ್ನು ಮಕ್ಕಳೆದುರಿಗೇ ನಿಗದಿ ಮಾಡಿ. ‘ಗೊಂಬೆಗೆ ಇಷ್ಟು, ಐಸ್‌ಕ್ರೀಮಿಗೆ ಇಷ್ಟು’ ಎಂದು ಮೊದಲೇ ಹೇಳಿದರೆ ಅಲ್ಲಿ ಅಳುವಿಗೆ ಎಡೆಯಿರದು. ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಂದಿನ ಅಗತ್ಯಕ್ಕೆ ಮಿಕ್ಕುದನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರ ಪರಂಪರೆ ನಮ್ಮದು. ಸಾಕೆನ್ನುವುದನ್ನು ಮಕ್ಕಳು ಕಲಿಯುವುದು ಉಪದೇಶದಿಂದಲ್ಲ, ತಂದೆತಾಯಿಗಳ ನಡೆಯಿಂದ. ಸಾಲವಿಲ್ಲದೆ ಮನೆಗೆ ಮರಳಿದ ವಿಹಾರವೇ ನಿಜವಾದ ವಿಹಾರ.