ಕಣಗಿನಹಾಳದ ಹಮ್ಮಿಣಿ

ತುಂಗಭದ್ರೆಯ ದಂಡೆಯ ಸಿಂಗಟಾಲೂರಿನಲ್ಲಿ ವೀರಭದ್ರನ ದರ್ಶನ ಮುಗಿಸಿ, ಮುಂಡರಗಿಯ ಮಾರ್ಗವಾಗಿ ಗದಗಿಗೆ ಬರುವ ಯಾತ್ರಿಕನ ಕಣ್ಣಿಗೆ ಬೀಳುವುದು ಎರೆಯ ಹೊಲಗಳು. ಮಳೆ ಕೈಗೂಡಿದರೆ ಈ ಸೀಮೆ ಹತ್ತಿ, ಜೋಳ, ಕಡಲೆಗಳನ್ನು ಧಾರಾಳವಾಗಿ ಕೊಡುತ್ತದೆ; ತಪ್ಪಿತೆಂದರೆ ಒಕ್ಕಲಿಗನಿಗೆ ಸಾವುಕಾರನ ಬಾಗಿಲೇ ಗತಿ ಎಂಬ ಕಾಲವೊಂದಿತ್ತು. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಪುಟ್ಟದೊಂದು ಹಣದ ಕೂಟಕ್ಕೆ ಆ ಬಾಗಿಲೇ ಕಾರಣವಾಯಿತು.

ಷೇರುಪೇಟೆಯ ಮಾತು ಬಂದಲ್ಲಿ ಈಗ ‘ಹೆಜ್ ಫಂಡ್’ ಎಂಬ ಹೆಸರೂ ಕೇಳಿಬರುವುದುಂಟು. ಕೆಲವರು ಹಣ ಕೂಡಿಸಿ ನಿಪುಣನೊಬ್ಬನ ಕೈಗೆ ಒಪ್ಪಿಸುವ ಏರ್ಪಾಡು ಅದು. 1949ರಲ್ಲಿ ನ್ಯೂಯಾರ್ಕಿನ ಆಲ್ಫ್ರೆಡ್ ವಿನ್‌ಸ್ಲೋ ಜೋನ್ಸ್ 1,00,000 ಡಾಲರಿನಿಂದ ಅಂಥ ನಿಧಿಯನ್ನು ತೊಡಗಿದಾಗ, ಅದರಲ್ಲಿ 40,000 ಡಾಲರು ಆತನದೇ ಆಗಿತ್ತು. ಮುಂದೆ ಬಂದ ನಿಧಿಗಳಲ್ಲಿ ಕೆಲವು ದೊಡ್ಡ ಕಂಪನಿಗಳ ಗೊಡವೆಗೆ ಹೋಗದೆ, ಯಾರೂ ಲಕ್ಷಿಸದ ಸಣ್ಣ ಕಂಪನಿಗಳನ್ನು ಹುಡುಕಿ, ಪೇಟೆ ಕಟ್ಟಿದ ಬೆಲೆಗಿಂತ ಅವುಗಳ ಯೋಗ್ಯತೆ ಹೆಚ್ಚೆಂದು ಕಂಡರೆ ಕೊಳ್ಳುತ್ತವೆ. ಕಣಗಿನಹಾಳದವರು ಅದಕ್ಕೂ ಬಹಳ ಮುಂಚೆ ಇದೇ ಬಗೆಯ ಲೆಕ್ಕ ಹಾಕಿದರು. ಅವರು ಬೆಲೆ ಕಟ್ಟಿದ್ದು ಕಂಪನಿಗಲ್ಲ, ಮನುಷ್ಯನಿಗೆ.

ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಈ ಸಂಘದ ಸ್ಥಾಪಕರು. ಮೊದಲ ಅಧ್ಯಕ್ಷರೂ ಅವರೇ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದ ಮೇಲೆ ನಾಡಿನಲ್ಲೇ ಮೊದಲಿಗೆ ಎದ್ದ ಗ್ರಾಮೀಣ ಪತ್ತಿನ ಸಂಘವೆಂಬ ಹಿರಿಮೆ ಇದರದು. ಹತ್ತು ಮಂದಿ ಸೇರಿದರೆ ಸಂಘ ಕಟ್ಟಬಹುದೆಂದು ಕಾಯಿದೆ ಹೇಳಿತು. ಹೇಳುವುದೇನು, ಸುಲಭ! ಹಳ್ಳಿಯ ಸಂಘಗಳಿಗೆ ಅದು ಸಾಮಾನ್ಯವಾಗಿ ವಿಧಿಸಿದ್ದು ಅಪರಿಮಿತ ಹೊಣೆ. ಸಂಘ ಮುಳುಗಿದರೆ ಸದಸ್ಯನು ಹಾಕಿದ ಹಣವಷ್ಟೇ ಹೋಗುವುದಿಲ್ಲ. ಸಂಘದ ಸಾಲಕ್ಕೆ ಅವನ ಹೊಲಮನೆಯೂ ಉತ್ತರ ಹೇಳಬೇಕು. ಉಳ್ಳವನು ಇಲ್ಲದವನ ಪಕ್ಕದಲ್ಲಿ ರುಜು ಹಾಕುವುದೆಂದರೆ ತನ್ನ ಎರೆಯ ಹೊಲವನ್ನೇ ಪಣಕ್ಕಿಟ್ಟಂತೆ. ಇಷ್ಟಾಗಿಯೂ, ಹೊಲ ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ.

ಈ ಕಠಿಣ ನಿಯಮದಲ್ಲಿಯೇ ಸಂಘದ ಜೀವವಿತ್ತು. ದೂರದ ಬ್ಯಾಂಕಿಗೆ ಸಣ್ಣ ರೈತನ ಪರಿಚಯವಿಲ್ಲ. ಸಾವುಕಾರನಿಗೆ ಪರಿಚಯವಿದ್ದರೂ, ಆ ರೈತನಿಗೆ ಬೇರೆ ದಾರಿಯಿಲ್ಲವೆಂಬುದೂ ಗೊತ್ತು; ಬಡ್ಡಿ ಏರುವುದು ಅಲ್ಲಿಯೇ. ನೆರೆಯವನಿಗೆ ಮಾತ್ರ ಎಲ್ಲವೂ ಗೊತ್ತು: ಯಾರು ಹದ ನೋಡಿ ಬಿತ್ತುತ್ತಾರೆ, ಯಾರ ಎತ್ತು ಬಡಕಲಾಗಿದೆ, ಯಾರು ಬೀಜಕ್ಕೆಂದು ತಂದ ಹಣವನ್ನು ಮದುವೆಯಲ್ಲಿ ಕರಗಿಸುತ್ತಾರೆ. ತನ್ನ ಹೊಲವೂ ಹೊಣೆಯಲ್ಲಿರುವಾಗ ಅವನು ದಾಕ್ಷಿಣ್ಯಕ್ಕೆ ತಲೆಯಾಡಿಸಲಾರ. ಪೇಟೆ ತೀರಾ ಕಡಿಮೆ ಬೆಲೆ ಕಟ್ಟಿದ್ದ ರೈತನ ನಿಜವಾದ ಯೋಗ್ಯತೆ ಹೀಗೆ ಊರಿನೊಳಗೇ ನಿರ್ಣಯವಾಯಿತು.

ಈ ಉಪಾಯ ಮೂಲತಃ ಜರ್ಮನಿಯ ರೈಫೈಸನ್ನನದು. ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ತಮ್ಮ ವರದಿಯಲ್ಲಿ ಅದನ್ನು ಬಲವಾಗಿ ಎತ್ತಿಹಿಡಿದಿದ್ದರು. ಆದರೆ ವರದಿಯಿಂದ ಬೀಜ ಬರುವುದಿಲ್ಲ. ಅದಕ್ಕೆ ಪಾಟೀಲರಂಥವರೇ ಬೇಕಾಯಿತು.

ನ್ಯೂಯಾರ್ಕಿನ ನಿಧಿಗೂ ಕಣಗಿನಹಾಳದ ಹಮ್ಮಿಣಿಗೂ ಅಂತರ ಬೀಳುವುದು ಲಾಭದ ವಿಷಯದಲ್ಲಿ. ಜೋನ್ಸ್ ಲಾಭದಲ್ಲಿ ಐದನೆಯ ಒಂದು ಪಾಲನ್ನು ತನ್ನ ಸಂಭಾವನೆಯಾಗಿ ಪಡೆಯುತ್ತಿದ್ದ. ಇಲ್ಲಿ 1904ರ ಕಾಯಿದೆ ಹಳ್ಳಿಯ ಸಂಘದ ಲಾಭವನ್ನು ಮೊದಲು ಕಾಯ್ದಿಟ್ಟ ನಿಧಿಗೇ ಸೇರಿಸಿತು. ಆ ನಿಧಿ ಸಾಕಷ್ಟು ಬೆಳೆದು, ಸಾಲದ ಬಡ್ಡಿಯೂ ಇಳಿದ ಮೇಲಷ್ಟೇ ಸದಸ್ಯರಿಗೆ ಒಂದಿಷ್ಟು ಬೋನಸ್ಸು. ಹೊಲವನ್ನು ಪಣಕ್ಕಿಟ್ಟ ಗೌಡರಿಗೂ ಇದೇ ನಿಯಮ, ಬಿತ್ತನೆ ಬೀಜಕ್ಕೆ ಸಾಲ ಕೇಳಲು ಬಂದ ಸದಸ್ಯನಿಗೂ ಇದೇ ನಿಯಮ.